ಬೇರೆ ದಾರಿ ನೋಡ್ಕೊಳ್ಳಿ

ಶುಕ್ರವಾರ ಸಂಜೆ. ಕೊಚ್ಚಿಯ ಪಕ್ಕದ ಕಳಮಶ್ಶೇರಿಯ ಬ್ಯಾಂಕಿನಿಂದ ಮನೆಗೆ ಹೊರಟ ನನ್ನ ಬಸ್ಸು ಎಡಪ್ಪಳ್ಳಿಯಲ್ಲಿ ಮುಕ್ಕಾಲು ಗಂಟೆಯಿಂದ ಅಲ್ಲಾಡಿರಲಿಲ್ಲ. (ಮೆಟ್ರೋ ಇದೆಯಲ್ಲ ಅನ್ನಬೇಡಿ. ಅದು ನಮ್ಮ ಮನೆಯ ಕಡೆ ಮುಖ ಹಾಕುವುದಿಲ್ಲ.) ಆಗ ನಮ್ಮನೆಯವರ ಫೋನು.

"ಬ್ಲಾಕ್ ಇದೆ ಕಣೇ. ಸಣ್ಣಸಣ್ಣದೆಲ್ಲ ಬ್ಲಾಕ್ ಆಗ್ಬಿಟ್ಟಿದೆಯಂತೆ."

"ಇಲ್ಲೇನು ಹೂವು ಹಾಸಿದಾರಾ? ಇಲ್ಲೂ ಬ್ಲಾಕೇ. ಬೇರೆ ದಾರಿ ನೋಡ್ಕೊಳ್ಳಿ ರೀ, ನನ್ನ ತಲೆ ತಿನ್ಬೇಡಿ" ಎಂದು ಫೋನಿಟ್ಟೆ.

ನನ್ನ ತಪ್ಪೇನು ಹೇಳಿ? ಕೇರಳದಲ್ಲಿ ಬ್ಲಾಕ್ ಎಂದರೆ ಟ್ರಾಫಿಕ್ ಜಾಮ್. ಆಫೀಸಿಗೆ ತಡವಾದರೆ 'ಬ್ಲಾಕ್' ಎಂದರೆ ಸಾಕು, ಮ್ಯಾನೇಜರು ಮರುಮಾತಾಡುವುದಿಲ್ಲ. ಮೈಸೂರಿನಿಂದ ಬಂದ ಹೊಸತರಲ್ಲಿ ನಾನು 'ಯಾವ ಬ್ಲಾಕು, ಎ ಬ್ಲಾಕೋ ಬಿ ಬ್ಲಾಕೋ?' ಎಂದು ಕೇಳಿ ನಗೆಪಾಟಲಾಗಿದ್ದೆ. ಈಗ ನಾನೂ ಪಕ್ಕಾ ಇಲ್ಲಿಯವಳೇ. ಇವರ ಕೇಂದ್ರ ಸರ್ಕಾರದ ಆಫೀಸು ತಿರುವನಂತಪುರದಲ್ಲಿ, ವಾಸ ಅಲ್ಲೇ ಶ್ರೀಕಾರ್ಯಂನ ಬಾಡಿಗೆ ಮನೆಯಲ್ಲಿ. ಪ್ರತಿ ಶುಕ್ರವಾರ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಕೊಚ್ಚಿಗೆ ಬರುತ್ತಾರೆ. ಶುಕ್ರವಾರ ಸಂಜೆ ದಾರಿಯಲ್ಲಿರುವ ಗಂಡ ಬ್ಲಾಕ್ ಎಂದರೆ ನಾನು ಇನ್ನೇನು ಅಂದುಕೊಳ್ಳಲಿ?

ಅವರು ದಾರಿಯಲ್ಲಿರಲಿಲ್ಲ. ತಿರುವನಂತಪುರದಲ್ಲೇ ಡಾಕ್ಟರ ರೂಮಿನ ಹೊರಗೆ ಸ್ಕ್ಯಾನ್ ರಿಪೋರ್ಟ್ ಹಿಡಿದು ನಿಂತಿದ್ದರು. ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂದಿತ್ತಂತೆ. ಸ್ಕ್ಯಾನ್ ಮಾಡಿದರೆ ಲಿವರ್ ಸಿರೋಸಿಸ್. ಒಳಗಿನ ಸಣ್ಣ ಸಣ್ಣ ರಕ್ತನಾಳಗಳು ಮುಚ್ಚಿಹೋಗಿವೆ, ತಕ್ಷಣ ಎಂಡೋಸ್ಕೋಪಿ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಇಷ್ಟನ್ನೂ ನಮ್ಮ ಮಹಾನುಭಾವರು ನನಗೆ ಹೇಳಿದ್ದು ಹೇಗೆ? 'ಬ್ಲಾಕ್ ಇದೆ ಕಣೇ.'

ಅವತ್ತು ನಡುರಾತ್ರಿ ಮನೆಗೆ ಬಂದು ಊಟಕ್ಕೆ ಕೂತಾಗ ಮುಖ ಸಪ್ಪಗಿತ್ತು. "ಏನ್ರೀ, ಹುಷಾರಿಲ್ವಾ?" ಅಂದೆ.

"ಫೋನಲ್ಲೇ ಹೇಳಿದ್ನಲ್ಲ. ನೀನು ಹೇಳಿದ ಹಾಗೇ ಮಾಡ್ತೀನಿ ಬಿಡು."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಮೊದಲ ಸಲ ಕೇಳಿದ ಮಾತು. ಹಿಗ್ಗಿ ಹೀರೇಕಾಯಿಯಾದೆ. ಏನು ಹೇಳಿದ್ದೆ ಎಂದು ವಿಚಾರಿಸುವ ಬದಲು ಇನ್ನೊಂದು ರೊಟ್ಟಿ ಬಡಿಸಿದೆ. ನನಗೂ ಬುದ್ಧಿ ಇರಲಿಲ್ಲ.

ಮೂರು ವಾರ ಕಳೆಯಿತು. ಗುಟ್ಟು ಒಡೆದದ್ದು ಮಗಳು. (ಪ್ಲಸ್ ಟು ಓದುತ್ತಾಳೆ. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ.) "ಅಮ್ಮಾ, ಅಪ್ಪಾಡೆ ಬ್ಯಾಗಿಲ್ ಎಂದೋ ಪಚ್ಚ ವೆಳ್ಳಂ!" ಅಂದಳು. ಮಲಯಾಳದಲ್ಲಿ ಪಚ್ಚ ವೆಳ್ಳಂ ಎಂದರೆ ಬರೀ ತಣ್ಣೀರು. ಹೋಗಿ ನೋಡಿದರೆ ಅಪ್ಪನ ಬ್ಯಾಗಿನಲ್ಲಿ ನಿಜವಾಗಿಯೂ ಹಸಿರು ನೀರು, ಸೀಸೆಯ ತುಂಬ. ಅದರ ಕೆಳಗೆ ರಿಪೋರ್ಟು.

ನೆಲನೆಲ್ಲಿಯ ರಸವಂತೆ. ಶ್ರೀಕಾರ್ಯಂನ ಮನೆ ಮಾಲೀಕರು ಲಿವರಿಗೆ ಒಳ್ಳೆಯದು ಎಂದು ದಿನಾ ಅರೆದು ಕೊಡುತ್ತಿದ್ದರಂತೆ. ಅವರ ಪ್ರೀತಿಯನ್ನು ನಾನು ಬೈಯಲಾರೆ. ಆದರೆ ಇವರಿಗೇನಾಗಿತ್ತು?

"ಎಂಡೋಸ್ಕೋಪಿ ಮಾಡಿಸಿ ಅಂದ್ರೆ ಸೊಪ್ಪಿನ ರಸ ಕುಡೀತಾ ಕೂತಿದೀರಲ್ಲ, ನಾಚಿಕೆ ಆಗಲ್ವಾ?"

"ನೀನೇ ಅಲ್ವಾ ಹೇಳಿದ್ದು, ಬೇರೆ ದಾರಿ ನೋಡ್ಕೊಳ್ಳಿ ಅಂತ?"

ಗಂಟಲಿಗೆ ಪೈಪು ಇಳಿಸುತ್ತಾರೆ ಎಂಬ ಹೆದರಿಕೆಗೆ ನನ್ನ ಮಾತು ಊರುಗೋಲಾಗಿತ್ತು. ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಸೋಮವಾರ ಕೊಚ್ಚಿಯ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ನನ್ನ ತಂಗಿಯ ವಯಸ್ಸಿನವರು, ಹಾಗಾಗಿ ನಾನು ಅವರಿಗೆ 'ಚೇಚಿ', ಅಂದರೆ ಅಕ್ಕ. ಕಾಗದದ ಮೇಲೆ ಲಿವರಿನ ಚಿತ್ರ ಬರೆದರು. ಎಡಪ್ಪಳ್ಳಿಯ ಜಂಕ್ಷನ್ ಇದ್ದ ಹಾಗೇ ಇತ್ತು.

"ನೋಡಿ ಚೇಚಿ, ಹೈವೇ ಓಪನ್ ಇದೆ. ಊರೊಳಗಿನ ಸಣ್ಣ ಪಾಕೆಟ್ ರೋಡೆಲ್ಲ ಬ್ಲಾಕ್. ಲಿವರ್ ಗಟ್ಟಿಯಾಗಿ ಸಣ್ಣ ನಾಳಗಳು ಮುಚ್ಚಿಹೋಗಿವೆ. ಕರುಳಿಂದ ಬಂದ ರಕ್ತ ಎಲ್ಲಿ ಹೋಗಬೇಕು?" ಅವರ ಇಂಗ್ಲಿಷು ಮಲಯಾಳದ ಸಾರ ಇಷ್ಟು.

"ಬೇರೆ ದಾರಿ ನೋಡಿಕೊಳ್ಳುತ್ತೆ," ಎಂದರು ಅವರೇ. "ಅನ್ನನಾಳದ ತೆಳ್ಳಗಿನ ನಾಳಗಳಿಗೆ ನುಗ್ಗುತ್ತೆ. ಅವು ಊದಿ ಊದಿ ಒಂದು ದಿನ ಒಡೀತವೆ. ಆಮೇಲೆ ರಕ್ತ ಕಾರಿಕೊಂಡು ಬರ್ತಾರೆ. ಕೆಲವರು ಬರೋದೂ ಇಲ್ಲ."

ಪಕ್ಕದಲ್ಲಿ ಕೂತಿದ್ದ ಇವರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಸುದ್ದಿ ಮೈಸೂರಿಗೆ ಮುಟ್ಟಿತು ನೋಡಿ, ಶುರುವಾಯಿತು. "ಬ್ಲಾಕಾ? ಒಂದು ಸ್ಟೆಂಟ್ ಹಾಕಿಸ್ಬಿಡಿ, ನಮ್ಮ ಪಕ್ಕದ ಮನೆಯವರು ಆರಾಮಾಗಿ ಓಡಾಡ್ತಿದಾರೆ" ಎಂದರು ಅತ್ತಿಗೆ. ಅದು ಹಾರ್ಟು, ಇದು ಲಿವರು ಎಂದರೆ "ಒಳಗೆ ಎಲ್ಲ ಒಂದೇ ಅಲ್ವಾ?" ಇನ್ನು ಚಿಕ್ಕಪ್ಪ ದನಿ ತಗ್ಗಿಸಿ, "ಅಲ್ಲಿಗೆ ಹೋದ ಮೇಲೆ ಕುಡಿಯೋದು ಕಲಿತುಬಿಟ್ನೇನಮ್ಮಾ?" ಅಂದರು. ಪಾಯಸ ಬಿಟ್ಟರೆ ಇನ್ನೇನನ್ನೂ ಗ್ಲಾಸಿನ ತುಂಬ ಕುಡಿದವರಲ್ಲ ಈ ಮನುಷ್ಯ! ಸಕ್ಕರೆ ಕಾಯಿಲೆ, ಮುಂದೆ ಬಂದ ಹೊಟ್ಟೆ, ಸಂಜೆ ಆಫೀಸಿನ ಎದುರು ಎರಡು ಪಳಂಪೊರಿ. ಬಾಳೆಹಣ್ಣಿನ ಬಜ್ಜಿ ತಿಂದೂ ಲಿವರ್ ಹಾಳಾಗುತ್ತದೆ ಎಂದು ಎಷ್ಟು ಜನರಿಗೆ ವಿವರಿಸಲಿ? ಕುಡಿಯದವನಿಗೆ ಈ ಕಾಯಿಲೆ ಬಂದರೆ ಕಾಯಿಲೆಗಿಂತ ನಡತೆಯ ಸರ್ಟಿಫಿಕೇಟಿನ ಚಿಂತೆಯೇ ಹೆಚ್ಚು.

ವರ್ಷ ವರ್ಷವೂ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಎಂದು ಬರುತ್ತಲೇ ಇತ್ತು. "ಆಫೀಸಲ್ಲಿ ಎಲ್ಲರಿಗೂ ಇದೆ" ಎನ್ನುತ್ತಿದ್ದರು, ಯಾವುದೋ ಅಸೋಸಿಯೇಷನ್ನಿನ ಸದಸ್ಯತ್ವ ಸಿಕ್ಕಂತೆ. ನಾನೂ ಫೈಲು ಮುಚ್ಚಿಡುತ್ತಿದ್ದೆ. (ನನ್ನ ರಿಪೋರ್ಟಿನಲ್ಲೂ ಅದೇ ಇದೆ. ಈಗ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದೇನೆ.)

ಎಂಡೋಸ್ಕೋಪಿ ಆಯಿತು. ಊದಿದ ನಾಳಗಳು ಮೂರಿದ್ದವು. ಮೂರಕ್ಕೂ ಸಣ್ಣ ರಬ್ಬರ್ ಬ್ಯಾಂಡ್ ಬಿಗಿದರು. "ಇನ್ನೊಂದು ತಿಂಗಳು ಬಿಟ್ಟಿದ್ರೆ?" ಎಂದು ಕೇಳಿದೆ. ಡಾಕ್ಟರು ಮುಂದಿನ ತಪಾಸಣೆಯ ತಾರೀಕು ಬರೆದರು. ಲಿವರ್ ಸರಿಹೋಗಿಲ್ಲ, ಅದು ಇನ್ನು ಹೀಗೇ. ಇರುವುದನ್ನು ಕಾಪಾಡಿಕೊಳ್ಳಬೇಕು ಅಷ್ಟೆ. ರಜೆ ಮುಗಿಸಿ ಇವರು ತಿರುವನಂತಪುರಕ್ಕೆ ಮರಳಿದರು.

ಮೊನ್ನೆ ಶುಕ್ರವಾರ. ಅದೇ ಎಡಪ್ಪಳ್ಳಿ, ಅಲ್ಲಾಡದ ಅದೇ ಬಸ್ಸು. ಫೋನು.

"ಬ್ಲಾಕ್ ಇದೆ ಕಣೇ."

ಸೀಟಿನಿಂದ ಎದ್ದೇ ಬಿಟ್ಟೆ. "ಎಲ್ಲಿ? ಎಲ್ಲಿ ರೀ? ಯಾರು ಹೇಳಿದ್ದು? ಸರಿಯಾಗಿ ಹೇಳಿ!" ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ಅರೂರಲ್ಲಿ, ಹೈವೇಲಿ. ಕಾರಲ್ಲಿದೀನಿ. ಬೇರೆ ದಾರೀಲಿ ಬರ್ಲಾ?"

"ಬೇಡ ರೀ! ಎಷ್ಟೊತ್ತಾದ್ರೂ ಆಗ್ಲಿ, ದೊಡ್ಡ ರಸ್ತೇಲೇ ಬನ್ನಿ."