ಬಲ ಎಂದರೆ ಬಾ

ಆ ಮನುಷ್ಯನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬಹರೈನಿನ ಲಾಯವೊಂದರಲ್ಲಿ, ಯಾರನ್ನೂ ಹತ್ತಿರ ಬಿಡದ ಒರಟು ಕುದುರೆಯೊಂದನ್ನು, ಕುದುರೆ ಪಳಗಿಸುವ ಸ್ಪರ್ಧೆಗೆಂದು, ಸಾಧು ಮಾಡಿದವಳು ನಾನು, ಅಲ್ಲಿನ ಸೀಫ್ ಬಡಾವಣೆಯ ಆಫೀಸು ಮುಗಿಸಿ ದಿನವೂ ಹೋಗಿ. ನನ್ನ ಮನೆಮಾತು ತುಳು. ಅದರಲ್ಲಿ ‘ಬಲ’ ಎಂದರೆ ಬಾ. ಹಾಗೆ ಕರೆದರೆ ಅದು ಬಂದು ನನ್ನ ಭುಜಕ್ಕೆ ಮೂತಿ ಉಜ್ಜುತ್ತಿತ್ತು.

ಸ್ಪರ್ಧೆಯ ನಂತರ, ಬಹರೈನಿನಲ್ಲೇ ಕೆಲಸಕ್ಕಿದ್ದ ಬೆಂಗಳೂರಿನ ಇಂಜಿನಿಯರೊಬ್ಬ ಅದನ್ನು ಸಾಕಲು ಒಯ್ದ. ‘ಬಲ’ದ ಅರ್ಥ ನಾನು ಹೇಳುವಾಗ ಅವನ ಕಣ್ಣು ಮೊಬೈಲಿನಲ್ಲೇ ಇತ್ತು. ಮರುವಾರವೇ ವಾಪಸ್ ತಂದ.

“ಬಲ ಬಲ ಅಂದ್ರೂ ರೈಟಿಗೆ ತಿರುಗಲ್ಲ ಮೇಡಂ, ಮೈಮೇಲೇ ಬರುತ್ತೆ. ನಾಲ್ಕು ಬಾರಿಸಿದೆ.”

“ತಿರುಗುದಲ್ಲ ಮಾರಾಯ್ರೆ, ಬರುದು! ಹೇಳುವಾಗ ನಿಮ್ಮ ಕಿವಿ ಎಲ್ಲಿತ್ತು?” ಎಂದು ಕಿರುಚಿದೆ.

ಕುದುರೆಯ ಪಕ್ಕೆಯಲ್ಲಿ ಬಾಸುಂಡೆ ಎದ್ದಿತ್ತು. ಮೆಲ್ಲಗೆ ‘ಬಲ’ ಎಂದೆ.

ಅದು ಹಿಂದಕ್ಕೆ ಸರಿಯಿತು.