ಗಿಡ್ಡಪ್ಪನ ಸೀಟಿನ ಮೇಲೆ ಇನ್ನೊಬ್ಬರು

ತಳಕಲ್ಲಿನ ಗಿಡ್ಡಪ್ಪನ ಪಾಲಿಗೆ ವಾರದಲ್ಲಿ ಇದ್ದದ್ದು ಒಂದೇ ದಿನ, ಗುರುವಾರ. ಉಳಿದ ಆರು ದಿನ ಅವನು ಯಾರದೋ ಹೊಲದಲ್ಲಿ ಕೂತು ಶೇಂಗಾ ಬಿಡಿಸುವ, ಯಾರದೋ ಕಣದಲ್ಲಿ ಚೀಲ ಹೊಲಿಯುವ ಕೂಲಿಯವನು. ಕರೆದರೆ ಬರುತ್ತಾನೆ, ಕರೆಯದಿದ್ದರೆ ಯಾರಿಗೂ ನೆನಪಾಗುವುದಿಲ್ಲ. ಗುರುವಾರ ಮಾತ್ರ ಅವನ ಖದರೇ ಬೇರೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಸುಕಿನಲ್ಲೇ ದವಾಖಾನೆಗೆ ಹೋಗಿ, ಮಂಜುಗಡ್ಡೆ ತುಂಬಿದ ನೀಲಿ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಬೇವೂರಿನ ಅಂಗನವಾಡಿಗೆ ಹೊರಡುತ್ತಿದ್ದ. ಪೆಟ್ಟಿಗೆಯಲ್ಲಿ ಕೂಸುಗಳಿಗೆ ಹಾಕುವ ಪೋಲಿಯೊ ಹನಿ, ದಡಾರದ ಚುಚ್ಚುಮದ್ದು. ಬಿಸಿಲು ಚುರುಕಾಗುವ ಮೊದಲು ಮುಟ್ಟಿಸಬೇಕು. ಬಸ್ಸನ್ನು ನಂಬಿ ಕೂತರೆ ಮಧ್ಯಾಹ್ನವಾಗುತ್ತಿತ್ತು.

ಈ ಕೆಲಸವನ್ನು ಅವನೇ ಕೇಳಿ ಪಡೆದದ್ದು. ಅವನ ಎಡಗಾಲು ಬಲಗಾಲಿಗಿಂತ ನಾಲ್ಕು ಬೆರಳು ಗಿಡ್ಡ, ಮಣಿಕಟ್ಟಿನಷ್ಟು ಸಣ್ಣ. ಅವನು ಅಂಬೆಗಾಲಿಡುವಾಗ ಊರಿಗೆ ಹನಿ ಹಾಕುವವರು ಬಂದಿದ್ದರಂತೆ. ಪರಊರವರ ಔಷಧಿ ಮೈಗೆ ಒಗ್ಗುವುದಿಲ್ಲವೆಂದು ಅಜ್ಜಿ ಅವನನ್ನು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಳಂತೆ. ಪ್ರೀತಿಯಿಂದಲೇ ಬಚ್ಚಿಟ್ಟಳು, ಅದನ್ನು ಗಿಡ್ಡಪ್ಪ ಯಾವತ್ತೂ ಅಲ್ಲಗಳೆಯಲಿಲ್ಲ. ಆದರೆ ಆ ಪ್ರೀತಿಯನ್ನು ಅವನು ಈಗಲೂ ಎಳೆದುಕೊಂಡು ನಡೆಯುತ್ತಿದ್ದ.

ಅಂಥ ಕಾಲಿನವನಿಗೆ ಸೈಕಲ್ಲು ದೊಡ್ಡ ಪೇಚು. ಸೀಟು ಎತ್ತರವಿದ್ದರೆ ತುಳಿಯಲು ಸಲೀಸು, ಆದರೆ ಹತ್ತಲಾಗದು, ನಿಲ್ಲಿಸಿದಾಗ ಕಾಲು ನೆಲಕ್ಕೆ ಎಟುಕದು. ತಗ್ಗಿಸಿದರೆ ಹತ್ತಬಹುದು, ಆದರೆ ಏರು ಬಂದರೆ ಮೊಣಕಾಲು ಬಿಟ್ಟುಕೊಡುತ್ತದೆ. ಎರಡು ಸಾವಿರದ ಹದಿನಾಲ್ಕರಲ್ಲಿ ಹೆಂಡತಿ ದುರುಗವ್ವನ ತಮ್ಮ ಸುಭಾಷ್ ಈ ಪೇಚನ್ನು ಬಿಡಿಸಿದ. ಅವನು ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗರ ಒಂದು ವಸತಿಗೃಹದಲ್ಲಿ ಕೆಲಸಕ್ಕಿದ್ದ. ಬಂಡೆಗಳ ಮೇಲೆ ಸೈಕಲ್ಲು ಹೊಡೆಯಲು ಬಂದಿದ್ದ ಪರದೇಶದವನೊಬ್ಬ ಊರಿಗೆ ಮರಳುವಾಗ ತನ್ನ ಗುಡ್ಡದ ಸೈಕಲ್ಲನ್ನು ಸುಭಾಷನಿಗೇ ಬಿಟ್ಟುಹೋಗಿದ್ದ. ಸುಭಾಷ್ ಅದನ್ನು ತಂದು ಭಾವನಿಗೆ ಕೊಟ್ಟ. ಅದರ ಹ್ಯಾಂಡಲ್ಲಿನಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ಗುಂಡಿ. ಒತ್ತಿ ಭಾರ ಹಾಕಿದರೆ ಸೀಟು ಪೈಪಿನೊಳಗೆ ಇಳಿಯುತ್ತದೆ. ಒತ್ತಿ ಎದ್ದರೆ ಮೇಲೇರುತ್ತದೆ. ಬಿಟ್ಟ ಎತ್ತರಕ್ಕೆ ನಿಲ್ಲುತ್ತದೆ. ಗಡ್ಡೆಯ ಹುಡುಗರು ಅದನ್ನು ಡ್ರಾಪರ್ ಎನ್ನುತ್ತಿದ್ದರು. ಗಿಡ್ಡಪ್ಪ ಅದಕ್ಕೆ ಹೆಸರು ಇಡಲಿಲ್ಲ, ಹಣೆ ಹಚ್ಚಿ ನಮಸ್ಕಾರ ಮಾಡಿದ. ಹುಟ್ಟಿದಾಗಿನಿಂದ ಮೊದಲ ಸಲ ಅವನು ಯಾರ ಹೆಗಲೂ ಹಿಡಿಯದೆ ಸೈಕಲ್ಲು ಹತ್ತಿದ್ದ.

ಎರಡು ವರ್ಷ ಸೀಟು ಹೇಳಿದ ಹಾಗೆ ಕೇಳಿತು. ಆಮೇಲೆ ಒಂದು ಗುರುವಾರ ಕೇಳಲಿಲ್ಲ.

ಬೇವೂರಿನ ದಾರಿಯಲ್ಲಿ ಒಂದು ಹಳ್ಳವಿದೆ, ಬರೀ ಕಲ್ಲು. ಅದನ್ನು ದಾಟಿ ಏರಿದರೆ ಬಯಲು ಕರಿನೆಲ, ಒಂದು ಗಿಡವಿಲ್ಲ, ಮನೆಯಿಲ್ಲ. ಎರಡೂ ಬದಿಗೆ ವಿದ್ಯುತ್ತಿನ ದೊಡ್ಡ ಗಾಳಿಯಂತ್ರಗಳು ನಿಂತಿವೆ. ಬೆಳಗಿನ ಹೊತ್ತಿಗೆ ಅವುಗಳ ರೆಕ್ಕೆಯ ನೆರಳು ಹೊಲ ದಾಟಿ ಬಂದು, ರಸ್ತೆಯನ್ನು ಸವರಿ, ಮತ್ತೆ ಹೊಲಕ್ಕೆ ಹೋಗುತ್ತದೆ. ಆ ಗುರುವಾರ ಮೊದಲ ನೆರಳು ಮೈಮೇಲೆ ಹಾದಾಗ ಸೀಟು ಕುಸಿಯಿತು. ಧಡಕ್ಕನೆ ಅಲ್ಲ. ಯಾರೋ ಹಿಂದಿನಿಂದ ಬಂದು, ಜಾಗ ಮಾಡಿಕೊಂಡು, ಮೆಲ್ಲಗೆ ಕೂತ ಹಾಗೆ. ಎರಡೇ ಬೆರಳು. ಗಿಡ್ಡಪ್ಪ ಗುಂಡಿ ಮುಟ್ಟಿರಲಿಲ್ಲ. ತಿರುಗಿ ನೋಡಿದ, ನೀಲಿ ಪೆಟ್ಟಿಗೆ ಕಟ್ಟಿದ ಹಾಗೇ ಇತ್ತು. ಮುಂದಿನ ಗುರುವಾರವೂ ಅದೇ ಜಾಗ, ಅದೇ ಎರಡು ಬೆರಳು. ಮೂರನೆಯ ಸಲ ಹಳ್ಳ ದಾಟುವಾಗಲೇ ಅವನ ಬೆನ್ನು ಬೆವೆತಿತ್ತು.

ಮನೆಯಲ್ಲೂ ಸೈಕಲ್ಲು ಸುಮ್ಮನಿರುತ್ತಿರಲಿಲ್ಲ. ಮೇಕೆ ಸೀಟಿನ ಹೊದಿಕೆ ಕಡಿಯುತ್ತದೆಂದು ದೀಪಾವಳಿಯಿಂದೀಚೆ ದುರುಗವ್ವ ಅದನ್ನು ಪಡಸಾಲೆಯ ತೊಲೆಯ ಕೊಂಡಿಗೆ ತೂಗು ಹಾಕುತ್ತಿದ್ದಳು. ಸೀಟಿಗೆ ಹಗ್ಗ ಬಿಗಿದು ಎಳೆದುಬಿಟ್ಟರೆ ಆಯಿತು. ಹೊಲದಿಂದ ಬಂದ ಗಿಡ್ಡಪ್ಪ ಒಳಗೆ ಕಾಲಿಟ್ಟರೆ ಸೈಕಲ್ಲು ಅತ್ತಿಂದಿತ್ತ ಮೆಲ್ಲಗೆ ತೂಗುತ್ತಿರುತ್ತಿತ್ತು. ಪಡಸಾಲೆಯಲ್ಲಿ ಯಾರೂ ಇರುತ್ತಿರಲಿಲ್ಲ. ದುರುಗವ್ವ ಹಿತ್ತಲಲ್ಲಿ ಭಾಂಡೆ ತಿಕ್ಕುವ ಸದ್ದು ಕೇಳುತ್ತಿತ್ತು.

ಆ ಕೊಂಡಿ ಹಾಕಿಸಿದ್ದು ತೊಟ್ಟಿಲಿಗೆ. ಏಳು ವರ್ಷದ ಹಿಂದೆ ಅಲ್ಲಿ ಒಂದು ಹೆಣ್ಣು ಕೂಸು ಮಲಗಿತ್ತು. ದಡಾರದ ಲಸಿಕೆಗೆ ಒಂಬತ್ತು ತಿಂಗಳು ತುಂಬಬೇಕು. ದಡಾರ ಏಳನೆಯ ತಿಂಗಳಿಗೇ ಬಂತು. ಊರಲ್ಲಿ ಒಂದು ಮನೆಯಲ್ಲಿ ಕಾಣಿಸಿಕೊಂಡದ್ದು ನಾಲ್ಕು ಮನೆಗೆ ಹಬ್ಬಿ ಇವರ ತೊಟ್ಟಿಲಿಗೂ ಬಂದಿತ್ತು. ಆಮೇಲೆ ಆ ಮನೆಯಲ್ಲಿ ತೊಟ್ಟಿಲು ಏರಲಿಲ್ಲ, ಕೂಸಿನ ಮಾತೂ ಏಳಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಗಿಡ್ಡಪ್ಪ ಮಾತ್ರ ಮರುವರ್ಷ ದವಾಖಾನೆಗೆ ಹೋಗಿ, ಲಸಿಕೆ ಪೆಟ್ಟಿಗೆ ನಾನು ಒಯ್ಯುತ್ತೇನೆ ಎಂದು ಕೇಳಿದ. ಸುಭಾಷನ ಸೈಕಲ್ಲು ಬರುವ ತನಕ ಯಾರದೋ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಒಯ್ದ.

ನಾಲ್ಕನೆಯ ಗುರುವಾರ ಬೇವೂರಿನ ಅಂಗನವಾಡಿಯ ಮುಂದೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕೂತಿದ್ದರು. ಗಿಡ್ಡಪ್ಪ ಗುಂಡಿ ಒತ್ತಿ ಸೀಟು ಪೂರಾ ತಗ್ಗಿಸಿ, ಇಳಿದು, ಸೈಕಲ್ಲು ನಿಲ್ಲಿಸಿ, ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದ. ಎಲ್ಲರ ಕಣ್ಣೆದುರಿಗೆ, ಯಾರೂ ಮುಟ್ಟದೆ, ಸೀಟು ಎರಡು ಬೆರಳು ಮೇಲೆದ್ದಿತು. ಅವನು ಇಳಿದ ಮೇಲೆ ಇನ್ನೊಬ್ಬರು ನಿಧಾನಕ್ಕೆ ಇಳಿದ ಹಾಗೆ.

ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಮಾರೆವ್ವ ಎಂಬ ಮುದುಕಿ ಎದ್ದು ನಿಂತಳು.

"ಗಿಡ್ಡಪ್ಪಾ, ನಿನ್ನ ಹಿಂದ ಯಾರು ಇಳಿದ್ರೋ?"

"ಯಾರೂ ಇಲ್ಲಬೇ ಯವ್ವಾ. ಪೈಪು ಕೆಟ್ಟೈತಿ."

"ಎರಡು ವರ್ಷ ನಿನ್ನ ಭಾರಕ್ಕ ಜಗ್ಗಲಾರದ್ದು ಈಗ ಯಾಕ ಜಗ್ಗತೈತಿ? ಹಳ್ಳದ ದಂಡಿಮ್ಯಾಲ ದನ ಕಾಯೋರು ನೋಡ್ಯಾರ, ಅಲ್ಲೆ ಬಂದಕೂಡ್ಲೆ ಸೀಟು ಇಳೀತೈತಂತ. ನೀ ಏನ್ ದಪ್ಪ ಆಗೀಯೇನು? ಕಟ್ಟಿಗಿ ಆದಂಗ ಆಗೀದಿ." ಅವಳು ಮೊಮ್ಮಗನ ತಲೆಗೆ ಸೆರಗು ಮುಚ್ಚಿದಳು. "ಮತ್ತೊಬ್ರ ಜೋಡಿ ಬಂದ ಪೆಟಗಿ ಅದು. ಅದ್ರಾಗಿನ ಹನಿ ನಮ್ಮ ಕೂಸಿಗೆ ಬ್ಯಾಡವ್ವಾ."

ಅವಳ ಹಿಂದೆ ಉಳಿದವರೂ ಎದ್ದರು. ನರ್ಸಮ್ಮ ಶೋಭಾರಾಣಿ ಕೈ ಮುಗಿದಳು, ಬೈದಳು, ಒಬ್ಬಳ ಸೆರಗು ಹಿಡಿದೂ ನೋಡಿದಳು. ಉಳಿದದ್ದು ಮೂರು ಕೂಸು.

"ಮುಂದಿನ ಗುರುವಾರ ಹಿಂಗಾದ್ರ ಈ ಊರಾಗ ಒಂದು ಕೂಸೂ ಸಿಗಂಗಿಲ್ಲ, ಗಿಡ್ಡಪ್ಪ," ಎಂದಳು ಶೋಭಾರಾಣಿ. "ನಿನ್ನ ಕಾಲಿನಂಥ ಕಾಲು ಇನ್ನೆಷ್ಟು ಬೇಕು ನಮಗ? ಆ ಸೀಟು ರಿಪೇರಿ ಮಾಡಿಸು, ಇಲ್ಲಾ ಈ ಕೆಲಸ ಬಿಡು."

"ಮಾಡಸ್ತೀನ್ರಿ ಸಿಸ್ಟರ್," ಎಂದ. ಪೆಟ್ಟಿಗೆ ಹೆಚ್ಚುಕಡಿಮೆ ಹೋದ ಭಾರದಲ್ಲೇ ತಿರುಗಿ ಬಂತು.

ಬರುವಾಗ ಆ ಬಯಲಿನಲ್ಲಿ ಗಿಡ್ಡಪ್ಪ ತನ್ನನ್ನೇ ಗದರಿಕೊಂಡ. ಏಳು ತಿಂಗಳ ಕೂಸಿನ ಭಾರಕ್ಕೆ ಸೀಟು ಇಷ್ಟು ಇಳಿಯುತ್ತದೆಯೇ, ಹುಚ್ಚ! ಆಮೇಲೆ ಹೊಳೆಯಿತು: ಇದ್ದಿದ್ದರೆ ಈಗ ಅವಳಿಗೆ ಏಳು ವರ್ಷ. ಹಳ್ಳ ಬರುವ ತನಕ ಅವನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇರಲಿಕ್ಕಿಲ್ಲ ಎಂಬುದೇ ಅವನಿಗೆ ಹೆಚ್ಚು ಹೆದರಿಕೆಯಾಗಿತ್ತು.

ಶನಿವಾರ ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿ ಗಂಗಾವತಿಗೆ ಹೋದ. ಇಂಥ ಸೈಕಲ್ಲು ಬಿಚ್ಚಲು ಬರುವುದು ಖೈರುನಬಿಗೆ ಒಬ್ಬಳಿಗೇ ಎಂದು ಸುಭಾಷ್ ಫೋನಿನಲ್ಲಿ ಹೇಳಿದ್ದ. ಗಂಡ ತೀರಿದ ಮೇಲೆ ಸೈಕಲ್ ರಿಪೇರಿ ಅಂಗಡಿ ಅವಳೇ ನಡೆಸುತ್ತಿದ್ದಳು. ಗಡ್ಡೆಯ ಪ್ರವಾಸಿಗರು ಬಿಟ್ಟುಹೋದ ಸಾಮಾನೆಲ್ಲ ಕೊನೆಗೆ ಅವಳ ಮೂಲೆಯ ಡಬ್ಬಕ್ಕೆ ಸೇರುತ್ತಿತ್ತು. ಅವಳು ಸೀಟಿನ ಮೇಲೆ ಮೊಣಕೈ ಊರಿ ಒಂದು ಸಲ ಒತ್ತಿದಳು, ಬಿಟ್ಟಳು. ಸೀಟು ಇಳಿದು ಎದ್ದಿತು.

"ಈ ಪೈಪಿನ ಒಳಗ ಎಣ್ಣಿ ಜಾಗಾಕ್ಕ ಗಾಳಿ ಸೇರೈತಿ. ಎಣ್ಣಿ ನಿಮ್ಮ ಭಾರ ಹೊರತೈತಿ, ಗಾಳಿ ಹೊರಂಗಿಲ್ಲ. ಮ್ಯಾಲ ಕಲ್ಲಿನ ದಾರ್ಯಾಗ ಕುಲುಕಿದ್ರಂತೂ ಮುಗೀತು." ಅವಳು ಗಿಡ್ಡಪ್ಪನ ಮುಖ ನೋಡಿದಳು. "ಸೈಕಲ್ ಮನ್ಯಾಗ ಹ್ಯಾಂಗ ಇಡ್ತೀರಿ, ಅಣ್ಣಾರ?"

"ತೂಗು ಹಾಕ್ತೀವ್ರಿ ಆಪಾ."

"ಸೀಟಿಗೆ ಹಗ್ಗ ಕಟ್ಟಿ? ಸೀಟು ತಗ್ಗಿಸಿ ಬಿಟ್ಟಾಗ?"

"ಹೂಂರಿ. ನನ್ನ ಹೆಂಡ್ತಿ ಹಾಕ್ತಾಳ."

"ಆತಲ್ಲ ಮತ್ತ. ಸೈಕಲ್ಲಿನ ಭಾರ ಆ ಪೈಪನ್ನ ದಿನಾ ಜಗ್ಗತೈತಿ. ಜಗ್ಗಿದಂಗ ಗಾಳಿ ಒಳಗ ಹೊಕ್ಕೈತಿ. ತೂಗಾಡ್ಸಿದ್ರ ಇನ್ನೂ ಜಾಸ್ತಿ."

ಗಿಡ್ಡಪ್ಪನಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಹಿಂದೆಯೇ ಇನ್ನೊಂದು ಹೊಳೆಯಿತು. ಹಾಗಾದರೆ ತೂಗುತ್ತಿದ್ದವಳು ದುರುಗವ್ವ. ತೊಟ್ಟಿಲ ಕೊಂಡಿಗೆ ಸೈಕಲ್ಲು ಹಾಕಿ, ಯಾರೂ ಇಲ್ಲದಾಗ ತೂಗಿ, ಗಂಡ ಬರುವ ಸಪ್ಪಳಕ್ಕೆ ಹಿತ್ತಲಿಗೆ ಹೋಗುತ್ತಿದ್ದಳು. ಮೇಕೆಯದು ಬರೀ ನೆಪ. ಇಷ್ಟು ದಿನ ತನಗೆ ಇದು ತಿಳಿಯಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಖೈರುನಬಿ ಡಬ್ಬದಿಂದ ಮೂರು ಪೈಪು ತೆಗೆದು ಗೋಣಿಯ ಮೇಲೆ ಇಟ್ಟಳು. ಮೊದಲನೆಯದು ಅವನದರಂಥದೇ, ಎಣ್ಣೆಯದು, ಬೆಣ್ಣೆಯಂತೆ ಇಳಿಯುತ್ತಿತ್ತು. ಎರಡನೆಯದರ ಒಳಗೆ ಬದಲಿಸಬಹುದಾದ ಒಂದು ಮುಚ್ಚಿದ ಕೊಳವೆ. ಕೆಟ್ಟರೆ ಅದನ್ನಷ್ಟೇ ತೆಗೆದು ಹೊಸದು ಹಾಕಬೇಕು, ಆ ಹೊಸದು ಎಲ್ಲಿ ಸಿಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಮೂರನೆಯದು ನೋಡಲು ಒರಟು. ಒಳಗೊಂದು ಸ್ಪ್ರಿಂಗು, ಪೈಪಿಗೆ ಮೂರು ತೂತು, ತೂತಿಗೆ ಸಿಕ್ಕಿಕೊಳ್ಳುವ ಒಂದು ಉಕ್ಕಿನ ಮೊಳೆ. ಇಳಿದರೂ ಏರಿದರೂ ಟಕ್ಕೆಂದು ಸದ್ದು.

"ನಾ ಆದ್ರ ನಡುವಿಂದು ತಗೋರಿ ಅಂತೀನಿ. ಛಲೋ ಓಡತೈತಿ, ಸಪ್ಪಳಿಲ್ಲ, ಬೇಕಾದ ಎತ್ತರಕ್ಕ ನಿಂದರತೈತಿ," ಎಂದಳು. "ಆದ್ರ ನಿಮ್ಮ ಕೆಲಸಾ ಹೇಳ್ರಿ. ನಿಮಗ ಎಷ್ಟು ಎತ್ತರ ಬೇಕು?"

"ಹತ್ತಾಕ ಒಂದು, ತುಳ್ಯಾಕ ಒಂದು. ಅಷ್ಟ."

"ಹಂಗಾರ ಉಳಿದ ನೂರು ಎತ್ತರ ತಗೊಂಡು ಏನ್ ಮಾಡ್ತೀರಿ? ಮೂರು ತೂತಿಂದು ಸಾಕು. ಧೂಳಿಗೂ ಅಂಜಂಗಿಲ್ಲ."

ಗಿಡ್ಡಪ್ಪ ಮೂರನ್ನೂ ಎತ್ತಿ ಎತ್ತಿ ನೋಡಿದ. ಅವನಿಗೆ ಕೇಳಬೇಕಾಗಿದ್ದದ್ದು ಒಂದೇ.

"ಆಪಾ, ಇದ್ರಾಗ ಯಾವುದನ್ನ ದಿನಾ ತೂಗು ಹಾಕಿ ತೂಗಿದ್ರೂ ಏನೂ ಆಗಂಗಿಲ್ಲ?"

ಖೈರುನಬಿ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟಳು. ಇಪ್ಪತ್ತು ವರ್ಷದ ಅಂಗಡಿಯಲ್ಲಿ ಇಂಥ ಪ್ರಶ್ನೆ ಅವಳು ಕೇಳಿರಲಿಲ್ಲ. ಹೇಗೆ ಓಡುತ್ತದೆ ಎಂದು ಕೇಳುವವರು, ಎಷ್ಟು ಬೇಗ ಏರುತ್ತದೆ ಎಂದು ಕೇಳುವವರು, ಅಷ್ಟೇ. ಯಾಕೆ ಎಂದು ಅವಳು ಕೇಳಲಿಲ್ಲ. ಮೂರು ತೂತಿನ ಪೈಪಿನ ಮೊಳೆಯನ್ನು ಉಗುರಿನಿಂದ ತಟ್ಟಿದಳು.

"ಇದು. ಮೊಳೆ ಕಚ್ಚಿತಂದ್ರ ಆನಿ ಕಟ್ಟಿ ತೂಗಿದ್ರೂ ಜಗ್ಗಂಗಿಲ್ಲ."

ಪೈಪು ಚೌಕಟ್ಟಿಗೆ ಸ್ವಲ್ಪ ಸಡಿಲವಾಯಿತು. ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಸುತ್ತಿ ಬಿಗಿ ಮಾಡಿ ಕೂರಿಸಿದಳು. ಸಂಜೆ ಮನೆಗೆ ಬಂದ ಗಿಡ್ಡಪ್ಪ ದುರುಗವ್ವನಿಗೆ ಇಷ್ಟೇ ಹೇಳಿದ: "ಹೊಸ ಪೈಪು ಗಟ್ಟಿ ಐತಿ. ತೂಗು ಹಾಕಾಕ ಅಡ್ಡಿಲ್ಲ." ಅವಳು ಹೂಂ ಎಂದು ಹಗ್ಗ ತಂದಳು.

ಗುರುವಾರ ಸೈಕಲ್ಲು ಹಳ್ಳ ದಾಟಿತು. ರೆಕ್ಕೆಯ ನೆರಳು ಬಂತು, ಮೈಮೇಲೆ ಹಾದುಹೋಯಿತು, ಸೀಟು ಅಲುಗಲಿಲ್ಲ. ಎರಡನೆಯ ನೆರಳಿಗೂ ಅಲುಗಲಿಲ್ಲ. ಹಗುರಾಗಬೇಕಿದ್ದ ಗಿಡ್ಡಪ್ಪನ ಮನಸ್ಸು ಹಗುರಾಗಲಿಲ್ಲ. ಆ ಬಯಲಿನಲ್ಲಿ ಅವನು ಮೊದಲ ಸಲ ಒಬ್ಬನೇ ಇದ್ದ ಹಾಗೆ ಅನಿಸಿತು, ಅದು ಅವನಿಗೆ ಬೇಡವಾಗಿತ್ತು.

ಬೇವೂರಿನಲ್ಲಿ ಶೋಭಾರಾಣಿ ಮನೆಮನೆಗೆ ಹೋಗಿ ಜನರನ್ನು ಕರೆತಂದಿದ್ದಳು. ಸೀಟು ಟಕ್ಕೆಂದು ಇಳಿಯಿತು. ಗಿಡ್ಡಪ್ಪ ದೂರ ಸರಿದು ನಿಂತ. ಮಾರೆವ್ವ ಬಾಯೊಳಗಿನ ಎಲೆಯಡಿಕೆ ಪೂರ್ತಿ ಅಗಿದು ಮುಗಿಸುವ ತನಕ ಸೀಟನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ಹತ್ತಿರ ಬಂದು ಅಂಗೈಯಿಂದ ಒತ್ತಿದಳು, ಎತ್ತಿ ನೋಡಿದಳು. ಸೀಟು ಇದ್ದಲ್ಲೇ ಇತ್ತು.

"ಹಾಕವ್ವಾ ಸಿಸ್ಟರ್," ಎಂದು ಮೊಮ್ಮಗನ ಬಾಯಿ ತೆರೆಸಿದಳು. ಅವನ ಅಳು ಕೇಳಿ ಉಳಿದ ಕೂಸುಗಳೂ ಅತ್ತವು. ಆ ಅಳುವಿನಷ್ಟು ಹಿತವಾದ ಸದ್ದನ್ನು ಗಿಡ್ಡಪ್ಪ ಎಷ್ಟೋ ದಿನದಿಂದ ಕೇಳಿರಲಿಲ್ಲ. ಪೆಟ್ಟಿಗೆ ಬರುವಾಗ ಹಗುರಾಗಿತ್ತು.

ಮಧ್ಯಾಹ್ನ ಮನೆಗೆ ಬಂದವನು ಹಿತ್ತಲಲ್ಲಿ ಮೈ ತೊಳೆದು ಪಡಸಾಲೆಗೆ ಬಂದ. ಅಷ್ಟರಲ್ಲಿ ದುರುಗವ್ವ ಸೈಕಲ್ಲು ಏರಿಸಿ ಆಗಿತ್ತು. ಅದು ಮೆಲ್ಲಗೆ ತೂಗುತ್ತಿತ್ತು. ಅವಳು ಹೊರಗೆ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಗಿಡ್ಡಪ್ಪ ಹೋಗಿ ಪಕ್ಕದಲ್ಲಿ ಕೂತ. ಇವತ್ತು ಹೇಳಿಯೇ ಬಿಡಬೇಕು ಎಂದುಕೊಂಡಿದ್ದ.

"ದುರುಗೀ, ನೀ ತೂಗೂದು ನನಗ ಗೊತ್ತಾಗೇತಿ. ನಾ ಬ್ಯಾಡ ಅನ್ನಂಗಿಲ್ಲ."

ಮೊರ ನಿಂತಿತು.

"ನಾ ತೂಗೂದಾ? ನಾ ಬರೇ ಹಾಕ್ತೀನ್ರಿ. ಹಿತ್ತಲಿಂದ ಬರೂದ್ರಾಗ ತೂಗ್ತಿರತೈತಿ." ಅವಳ ದನಿ ಇಳಿಯಿತು. "ತೂಗೂದು ನೀವಲ್ಲಾ? ನೀವಂತ ತಿಳದ ನಾ ಸುಮ್ಮನಿದ್ನಿ."

ಹೊರಗೆ ಒಂದು ಎಲೆ ಅಲುಗುತ್ತಿರಲಿಲ್ಲ. ದುರುಗವ್ವ ತೆರೆದ ಬಾಗಿಲ ಕಡೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು, ಹೆದರಿಕೆಯ ಜೊತೆಗೆ ಒಂದು ಆಸೆಯೂ ಇತ್ತು. ಗಿಡ್ಡಪ್ಪನಿಗೆ ಎರಡನ್ನೂ ನೋಡಲಾಗಲಿಲ್ಲ.

"ನಾನ ಮತ್ತ," ಎಂದ. "ಇನ್ಯಾರು ತೂಗ್ತಾರ?"

ದುರುಗವ್ವ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

"ಹಂಗಾರ ಸಾವಕಾಶ ತೂಗ್ರಿ," ಎಂದಳು. "ಜೋರು ತೂಗಿದ್ರ ಅಕಿ ಅಳ್ತಿದ್ಲು."

ಏಳು ವರ್ಷದಲ್ಲಿ ಅವಳು ಆ ಕೂಸಿನ ಮಾತು ಆಡಿದ್ದು ಅದೇ ಮೊದಲು. ಗಿಡ್ಡಪ್ಪ ಎದ್ದು ಒಳಗೆ ಹೋದ. ಸೈಕಲ್ಲು ಇನ್ನೂ ತೂಗುತ್ತಿತ್ತು, ಮೊದಲಿಗಿಂತ ತುಸು ಜೋರಾಗಿಯೇ. ಅವನು ಸೀಟಿಗೆ ಕೈ ಹಚ್ಚಿ ಅದನ್ನು ನಿಧಾನ ಮಾಡಿದ.