ಹಳದಿ ಪಿನ್ನು, ಹಸಿರು ತೂತು

ಹೊಸ ಟೀವಿಯ ಬೆನ್ನಿನಲ್ಲಿ ಹಳದಿ ತೂತೇ ಇಲ್ಲ!

ಕಳೆದ ಭಾನುವಾರ ಅಟ್ಟೂರಿನ ನಮ್ಮ ಎದುರುಮನೆಯಲ್ಲಿ, ಗೋಡೆಗೂ ಟೀವಿಗೂ ನಡುವೆ ತಲೆ ತೂರಿಸಿ, ಮೊಬೈಲ್ ಟಾರ್ಚ್ ಹಿಡಿದು ನಾನು ಕಂಡುಕೊಂಡ ಸತ್ಯ ಇದು. ನನ್ನ ಕೈಯಲ್ಲಿ ಹಳೇ ವಿಸಿಆರ್‌ನ ವೈರು. ಅದರ ತುದಿಗೆ ಒಂದು ಹಳದಿ ಪಿನ್ನು, ಒಂದು ಬಿಳಿ ಪಿನ್ನು. ಹಳದಿ ಚಿತ್ರಕ್ಕೆ, ಬಿಳಿ ಸದ್ದಿಗೆ. ಟೀವಿಯಲ್ಲಿ ಹಸಿರಿದೆ, ನೀಲಿ ಇದೆ, ಕೆಂಪಿದೆ, ಬಿಳಿ ಇದೆ, ಇನ್ನೊಂದು ಕೆಂಪೂ ಇದೆ. ಬೇಕಾದದ್ದೊಂದೇ ಇಲ್ಲ.

"ಆಗುತ್ತಾ ಅಣ್ಣ?" ಹಿಂದಿನಿಂದ ಮನೆಯೊಡತಿ ಜಯಮ್ಮನ ದನಿ.

ಈ ಕೆಲಸಕ್ಕೆ ನನ್ನನ್ನೇ ಯಾಕೆ ಕರೆದರು? ಪೇಪರಿನಲ್ಲಿ ಬರೆಯುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಬೀದಿಯಲ್ಲಿ ಇನ್ನೂ ಉಳಿದಿದೆ. (ಪ್ರತಿ ವಾರ ಓದುವ ನಿಮಗೆ ಆ ಭ್ರಮೆ ಇಲ್ಲ, ಗೊತ್ತು.)

ಬರೀ ಟೀವಿಯ ವಿಷಯವಾಗಿದ್ದರೆ ಏನೋ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಆದರೆ ಜಯಮ್ಮನ ಮಗಳು ದಿವ್ಯಾಳ ಮದುವೆ ಮುಂದಿನ ತಿಂಗಳು. ಜಯಮ್ಮನ ಗಂಡ ಈಗ ಇಲ್ಲ. ಧಾರೆಯ ಹೊತ್ತಿನಲ್ಲಿ ಹುಡುಗ ಹುಡುಗಿಯ ಕೈಗಳ ಮೇಲೆ ಮೊದಲ ಹಾಲು ಎರೆಯಬೇಕಾದವರು ಹುಡುಗಿಯ ಅಪ್ಪ ಅಮ್ಮ. ಅಪ್ಪ ಇಲ್ಲದಿದ್ದರೆ? ದೊಡ್ಡಪ್ಪ, ದೊಡ್ಡಮ್ಮ. ಹಾಗಾದರೆ ಅಮ್ಮ? ಅವರು ಸ್ವಲ್ಪ ಹಿಂದೆ ನಿಲ್ಲಬೇಕು. ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ.

ಜಯಮ್ಮ ಒಪ್ಪಿರಲಿಲ್ಲ. "ನನ್ ಮದ್ವೇಲೂ ಅಪ್ಪ ಇರ್ಲಿಲ್ಲ. ಅಮ್ಮಾನೇ ಎರೆದಿದ್ದು. ಹಸಿರು ರೇಷ್ಮೆ ಸೀರೆ ಉಟ್ಕೊಂಡು. ಇನ್ನೂ ಕಣ್ಣಲ್ಲೇ ಇದೆ."

ಸೋಫಾದ ತುದಿಯಲ್ಲಿ ಅವರ ಗಂಡನ ಅಣ್ಣ, ಜಕ್ಕೂರಿನ ಹಳೇ ಊರಿನ ಮುನಿರಾಜಪ್ಪ ಕೂತಿದ್ದರು. ಕೆಟ್ಟವರಲ್ಲ. ಜನರ ಬಾಯಿಗೆ ಹೆದರುವವರು, ನನ್ನ ನಿಮ್ಮ ಹಾಗೆ.

"ನಾನು ನೋಡಿಲ್ಲ ಕಣಮ್ಮ. ಧಾರೆ ಹೊತ್ನಾಗೆ ಆಚೆ ಬಸ್ಸಿನೋನ ತಾವ ಜಗಳಕ್ಕೆ ನಿಂತಿದ್ದೆ. ನೋಡ್ದೆ ಎಂಗೆ ಏಳ್ಲಿ? ಕ್ಯಾಸೆಟ್ ಐತಲ್ಲ, ತೋರ್ಸು. ನಿಮ್ಮಮ್ಮ ಎರೆದಿದ್ರೆ ನೀನೂ ಎರಿ. ಕೇಳ್ದೋರಿಗೆ, ಅವರ ಮನೇಲಿ ಇಂಗೇ ನಡ್ಕಂಡ್ ಬಂದೈತೆ ಅಂತ ನಾನೇ ಏಳ್ತೀನಿ."

ಮದುವೆಯ ಆಲ್ಬಮ್ ನೀರು ಕುಡಿದು ಅಂಟಿಹೋಗಿತ್ತು. ಹಾಗಾಗಿ ಅಟ್ಟದ ಮೇಲಿದ್ದ ವಿಸಿಆರ್ ಕೆಳಗಿಳಿದಿತ್ತು.

ಹಳದಿಯನ್ನು ನೀಲಿಗೆ ಚುಚ್ಚಿದೆ. ನೋ ಸಿಗ್ನಲ್. ಕೆಂಪಿಗೆ ಚುಚ್ಚಿದೆ. ಅದೂ ನೋ ಸಿಗ್ನಲ್.

"ಅಂಕಲ್, ಗೂಗಲ್ ಮಾಡ್ಲಾ?" ಎಂದಳು ದಿವ್ಯಾ.

"ಬೇಡಮ್ಮ." (ಮರ್ಯಾದೆ ಪ್ರಶ್ನೆ.)

ಟಾರ್ಚನ್ನು ಇನ್ನೂ ಹತ್ತಿರ ಹಿಡಿದಾಗ ಹಸಿರು ತೂತಿನ ಕೆಳಗೆ ಇರುವೆಗಾತ್ರದ ಅಕ್ಷರ ಕಂಡಿತು: ವಿಡಿಯೋ. ಹಳದಿ ಪಿನ್ನು ಹಸಿರಿಗೆ ಹೋಗಬೇಕಂತೆ! ಹಾಗಂತ ಯಾರು ಊಹಿಸುತ್ತಾರೆ? ಚುಚ್ಚಿದೆ. ಓಲಗ ಕೇಳಿಸಿತು. ಚಿತ್ರವೂ ಬಂತು. ಆದರೆ ಕಪ್ಪು ಬಿಳುಪು.

ಮಂಟಪ. ಜೋಡಿಸಿದ ಕೈಗಳು. ಬಗ್ಗಿ ಹಾಲೆರೆಯುತ್ತಿರುವ ಒಬ್ಬ ಹೆಂಗಸು. ಮುಖಕ್ಕೆ ಸೆರಗು ಅಡ್ಡ.

"ಅಮ್ಮ!" ಎಂದು ಎದ್ದುನಿಂತರು ಜಯಮ್ಮ.

ಮುನಿರಾಜಪ್ಪ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. "ಊಂ. ಅವಮ್ಮನ್ ತರಾನೇ ಅವ್ರೆ."

ಅಲ್ಲಿಗೇ ಬಿಡಬಹುದಿತ್ತು. ಆದರೆ ಬಣ್ಣವಿಲ್ಲದ ಮದುವೆ ಎಂಥದ್ದು? ರಿಮೋಟ್ ತೆಗೆದುಕೊಂಡು ನೋಡಿದರೆ ಸೋರ್ಸ್ ಕಾಂಪೊನೆಂಟ್ ಅಂತಿತ್ತು. ಹಳೇ ವೈರಿನ ದಾರಿಯಾದ ಎವಿಗೆ ಬದಲಾಯಿಸಿದೆ. ಬಣ್ಣ ಸುರಿಯಿತು. ಸೀರೆ ಹಸಿರು! ಜಯಮ್ಮ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹಸಿರು ಸೀರೆಯ ಹೆಂಗಸು ಮುಖ ಎತ್ತಿದರು. ತಲೆ ತುಂಬ ಮಲ್ಲಿಗೆ, ಹಣೆ ತುಂಬ ಕುಂಕುಮ.

"ದೊಡ್ಡಮ್ಮ," ಎಂದರು ಜಯಮ್ಮ. ಟೀವಿಯ ಹತ್ತಿರ ಬಗ್ಗಿ, "ಸೀರೆ ಅಮ್ಮಂದೇ. ಉಟ್ಕೊಳೋಕೆ ಕೊಟ್ಟಿದ್ದಾರೆ."

ಟೀವಿಯಲ್ಲಿ ಓಲಗ ಊದುತ್ತಲೇ ಇತ್ತು.

ಜಯಮ್ಮ ಸುಳ್ಳು ಹೇಳಿದ್ದರೇ? ಇಲ್ಲ. ಅವರ ನೆನಪು ಸೀರೆಯನ್ನು ಸರಿಯಾಗಿಯೇ ಇಟ್ಟುಕೊಂಡಿತ್ತು, ಒಳಗಿದ್ದವರನ್ನು ಮಾತ್ರ ಬದಲಿಸಿತ್ತು. ಆವತ್ತು ಆಗಬೇಕಾಗಿದ್ದನ್ನು ಆಗಿಸಿಬಿಟ್ಟಿತ್ತು. ಅಚ್ಚುಕಟ್ಟಾದ ನೆನಪುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಆದರೆ ಈ ನೆನಪನ್ನು ಬೈಯಲು ಮನಸ್ಸಾಗಲಿಲ್ಲ. ನಿಮಗೆ ಆಗುತ್ತಿತ್ತೇ?

ಮೊದಲು ಬಾಯಿ ಬಿಟ್ಟವರು ಮುನಿರಾಜಪ್ಪ. ಗೆದ್ದ ದನಿಯಲ್ಲಲ್ಲ. "ಮತ್ತೆ ಅವಮ್ಮ ಎಲ್ಲವ್ರೆ? ಒಸಿ ಇಂದಕ್ಕೆ ಓಡ್ಸಿ ಸಾ."

ಓಡಿಸಿದೆ. ಹುಡುಕಿದವರೂ ಅವರೇ. "ಅಗೋ. ಕಂಬದ್ ಪಕ್ಕ."

ವಿಡಿಯೋದವನ ಲೈಟು ಅಲ್ಲಿಗೆ ತಲುಪಿರಲಿಲ್ಲ. ಮಾಸಿದ ಸೀರೆ, ಅರ್ಧ ಮುಖ. ಒಂದು ಕೈ ಸ್ವಲ್ಪ ಮೇಲೆದ್ದಿತ್ತು. ಕಣ್ಣೊರೆಸಿಕೊಳ್ಳಲೋ, ಸೊಳ್ಳೆ ಓಡಿಸಲೋ, ಹೇಳಲಾರೆ. ಕ್ಯಾಮೆರಾ ಬೇರೆ ಕಡೆ ತಿರುಗಿತು.

"ನಾನ್ ಹೇಳಿದ್ದು ತಪ್ಪಾಯ್ತು ಭಾವ," ಎಂದರು ಜಯಮ್ಮ. "ಆದ್ರೂ ನಾನೇ ಎರೀತೀನಿ."

"ನಿಮ್ಮ ಕಡೆ ಯಾರ್ ಮಾಡವ್ರೆ ಅಂತ ಕೇಳಿದ್ರೆ?"

"ಯಾರೂ ಮಾಡಿಲ್ಲ ಅನ್ನಿ." ಅವರ ಬೆರಳು ಅಮ್ಮ ಕಂಡಿದ್ದ ಟೀವಿಯ ಮೂಲೆಯ ಕಡೆ ಹೋಯಿತು. "ಅಲ್ಲಿ ಮಾತ್ರ ನಾನು ನಿಂತ್ಕೊಳಲ್ಲ."

ದಿವ್ಯಾ ಬಂದು ಅಮ್ಮನ ಕೈ ಹಿಡಿದುಕೊಂಡಳು. ಮುನಿರಾಜಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಆಯ್ತು ಬುಡು. ನೀನೇ ಎರಿ. ನಿನ್ ಪಕ್ಕದಾಗೇ ನಿಂತಿರ್ತೀನಿ. ಮಾತಾಡೋರು ನನ್ ತಾವ ಮಾತಾಡ್ಲಿ."

ಮನೆಗೆ ಬಂದ ಮೇಲೂ ತಲೆ ಅಲ್ಲೇ ಸುತ್ತುತ್ತಿತ್ತು. ಒಂದು ಕೆಲಸ ಸರಿ ಎಂದು ಗೊತ್ತಿದ್ದರೂ, ಹಿಂದೆ ಯಾರಾದರೂ ಮಾಡಿದ್ದಾರಾ ಅಂತ ಹುಡುಕುತ್ತೇವೆ. ಯಾರೂ ಸಿಗದಿದ್ದರೆ ನೆನಪೇ ಒಬ್ಬರನ್ನು ಹೊಲಿದು ಕೊಡುತ್ತದೆ. ಸರಿ ಸ್ವಾಮಿ, ಎಲ್ಲೋ ಎಂದೋ ಗಂಡನಿಲ್ಲದೆ ಒಬ್ಬಳೇ ನಿಂತು ಮಗಳ ಕೈಗೆ ಹಾಲೆರೆದ ಮೊದಲನೆಯ ತಾಯಿ, ಅವಳು ಯಾರ ಮದುವೆಯ ಕ್ಯಾಸೆಟ್ ನೋಡಿದ್ದಳು?